ಕೆರೆ ದಂಡೆಯ ಮನೆ: ಕೊಳ್ಳುವ ಮುಂಚೆ ಕೋಡಿಯ ಮಟ್ಟ ನೋಡಿ

ಪ್ರಶ್ನೆ: ನಾವು ದಾವಣಗೆರೆಯವರು, ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಗದ್ದಲವಿಲ್ಲದ ಕಡೆ ಇರೋಣವೆಂದು ಪೂರ್ವಕ್ಕೆ ಜಗಳೂರು ತಾಲ್ಲೂಕಿನಲ್ಲಿ ಕೆರೆ ಪಕ್ಕದ 1 ಎಕರೆ 10 ಗುಂಟೆ ಹೊಲ, ಅದರಲ್ಲೊಂದು ಹಳೆಯ ಮಾಳಿಗೆ (ಮಣ್ಣಿನ ಚಾವಣಿಯ) ಮನೆ ನೋಡಿದ್ದೇವೆ. ಮನೆಯಿಂದ ನೀರಿಗೆ ಇನ್ನೂರು ಅಡಿ ಇರಬಹುದು. ಮಾರುವವರು, ‘ಪಹಣಿ ಕ್ಲಿಯರ್ ಇದೆ, ಪಂಚಾಯ್ತಿಗೆ ಕಂದಾಯ ಕಟ್ಟುತ್ತಿದ್ದೇವೆ, ಮೂವತ್ತು ವರ್ಷದಿಂದ ಇಲ್ಲಿಗೆ ನೀರು ಬಂದಿಲ್ಲ’ ಎನ್ನುತ್ತಾರೆ. ಮುಂಗಡ ಕೊಡುವ ಮುಂಚೆ ಏನೇನು ನೋಡಬೇಕು?

ಉತ್ತರ: ಮಾರುವವರ ಮೂರು ಮಾತಿನಲ್ಲಿ ಕೊನೆಯದನ್ನು ಮೊದಲು ಹಿಡಿಯಿರಿ. ಮೂವತ್ತು ವರ್ಷ ನೀರು ಬಾರದಿದ್ದದ್ದು ನಿಜವೇ ಇರಬಹುದು. ಆದರೆ ನಿಮ್ಮ ಭಾಗದಲ್ಲಿ ಆ ಮಾತಿಗೆ ಈಗ ಬೆಲೆ ಇಲ್ಲ. ಮೊದಲು ಜಗಳೂರು ಸೀಮೆಯ ಕೆರೆಗಳಿಗೆ ಮಳೆಯೊಂದೇ ಆಸರೆ, ಹಾಗಾಗಿ ಎಷ್ಟೋ ಕೆರೆ ದಶಕಗಟ್ಟಲೆ ಬಣಗುಟ್ಟಿದವು. ಈಗ ತುಂಗಭದ್ರೆಯ ನೀರನ್ನು ಎತ್ತಿ ಪೈಪಿನಲ್ಲಿ ತಂದು 57 ಕೆರೆ ತುಂಬಿಸುವ ಯೋಜನೆ ಇದೆ. ಭರಮಸಾಗರದ ಏತ ನೀರಾವರಿಯೂ ಅದೇ ನದಿಯ ನೀರು. ಭದ್ರಾ ಮೇಲ್ದಂಡೆ ಯೋಜನೆಯ ಪಟ್ಟಿಯಲ್ಲೂ ಈ ಸೀಮೆಯ ಕೆರೆಗಳಿವೆ. ಮಳೆ ಕೈಕೊಟ್ಟ ವರ್ಷವೂ ಕೆರೆ ತುಂಬಬಹುದು. ಒಣಗಿದ ಕಾಲದಲ್ಲಿ ಕೆರೆಯಂಗಳದ ಅಂಚಿನಲ್ಲಿ ಕಟ್ಟಿದ ಮನೆ, ಹಾಕಿದ ತೋಟ ಎಲ್ಲಕ್ಕೂ ಈಗ ಪರೀಕ್ಷೆಯ ಕಾಲ.

ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರವನ್ನೇ ನೋಡಿ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ತುಂಬಿದ್ದು ಮತ್ತೆ ತುಂಬಿದ್ದು 2022ರಲ್ಲಿ, ಅಂದರೆ 89 ವರ್ಷದ ಮೇಲೆ. ಮೂರು ತಲೆಮಾರು ‘ಇಲ್ಲಿಗೆ ನೀರು ಬರುವುದಿಲ್ಲ’ ಎಂದು ನಂಬಿದ್ದ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಹೊಲ ತೋಟಗಳಿಗೆ ಆಗ ನೀರು ಬಂತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಇಂದು ನೀರು ನಿಂತ ಜಾಗವನ್ನು ಕೆರೆಯ ಅಂಚು ಎಂದುಕೊಳ್ಳಬೇಡಿ. ಕೋಡಿಯ ಮಟ್ಟಕ್ಕೆ ನೀರು ಬಂದಾಗ ಅದು ಎಲ್ಲಿಗೆ ಮುಟ್ಟುತ್ತದೋ ಅದೇ ಅಂಚು.

ಇದನ್ನು ಅಳೆಯುವುದು ಸುಲಭ. ಕೋಡಿಯ ಗೋಡೆಯ ನೆತ್ತಿಯೇ ಕೆರೆಯ ಪೂರ್ಣ ಮಟ್ಟ. ಕೆರೆಯಲ್ಲಿ ನೀರಿದ್ದಾಗ, ಗಾಳಿಯಿಲ್ಲದ ಬೆಳಗ್ಗೆ ಹೋಗಿ. ನಿಂತ ನೀರು ದಂಡೆಯುದ್ದಕ್ಕೂ ಒಂದೇ ಮಟ್ಟದಲ್ಲಿರುತ್ತದೆ, ಹಾಗಾಗಿ ಎರಡು ಅಳತೆ ಸಾಕು: ಕೋಡಿಯ ನೆತ್ತಿಯಿಂದ ನೀರು ಎಷ್ಟು ಅಡಿ ಕೆಳಗಿದೆ, ನೀರಿನಿಂದ ಮನೆಯ ನೆಲ ಎಷ್ಟು ಅಡಿ ಮೇಲಿದೆ. ಎರಡನೆಯದಕ್ಕೆ ಗಾರೆಯವರು ಬಳಸುವ ನೀರು ತುಂಬಿದ ಮಟ್ಟದ ಪೈಪೇ ಸಾಕು. ಉದಾಹರಣೆಗೆ ನೀರು ಕೋಡಿಗಿಂತ 7 ಅಡಿ ಕೆಳಗಿದ್ದು, ಮನೆಯ ನೆಲ ನೀರಿಗಿಂತ 9 ಅಡಿ ಮೇಲಿದ್ದರೆ, ತುಂಬಿದ ದಿನ ನಿಮ್ಮ ನೆಲ ನೀರಿಗಿಂತ ಬರೀ 2 ಅಡಿ ಮೇಲೆ. ಕೆರೆ ಒಣಗಿದ್ದರೆ ಖಾಸಗಿ ಸರ್ವೆಯರೊಬ್ಬರಿಂದ ಆಟೋ ಲೆವೆಲ್ (ಮಟ್ಟ ಅಳೆಯುವ ಉಪಕರಣ) ಇಡಿಸಿ, ಕೋಡಿಯ ನೆತ್ತಿಯ ಮಟ್ಟವನ್ನು ಮನೆಯ ಹೊಸ್ತಿಲವರೆಗೆ ತರಿಸಿ. ಒಂದು ದಿನದ ಕೆಲಸ. ಈ ವ್ಯವಹಾರದಲ್ಲಿ ನೀವು ಮಾಡುವ ಖರ್ಚಿನಲ್ಲೆಲ್ಲ ಇದರಷ್ಟು ಉಪಯೋಗದ್ದು ಬೇರೊಂದಿಲ್ಲ.

‘ನೀರಿಗೆ ಇನ್ನೂರು ಅಡಿ’ ಎಂದು ಬರೆದಿದ್ದೀರಿ. ಬಯಲು ಸೀಮೆಯ ಕೆರೆಗಳು ಹರವು ಹೆಚ್ಚು, ಆಳ ಕಡಿಮೆ. ಅಂಗಳದ ಇಳಿಜಾರು ನೂರಕ್ಕೆ ಒಂದರಂತೆ ಇದ್ದರೆ ನೀರು 1 ಅಡಿ ಏರಿದಾಗ 100 ಅಡಿ ಮುಂದಕ್ಕೆ ಬರುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಇನ್ನೂರು ಅಡಿ ಎಂದರೆ ಎರಡೇ ಅಡಿ ಎತ್ತರ.

ಪೂರ್ಣ ಮಟ್ಟವೂ ಕೊನೆಯ ಮಾತಲ್ಲ. ಜೋರು ಮಳೆಯಲ್ಲಿ ಕೋಡಿಯ ಮೇಲೆ ಒಂದೆರಡು ಅಡಿ ದಪ್ಪ ನೀರು ಹರಿಯುತ್ತದೆ, ಕೋಡಿ ಕಿರಿದಾಗಿದ್ದರೆ ಇನ್ನೂ ಹೆಚ್ಚು. ಅಷ್ಟು ಹೊತ್ತು ಇಡೀ ಕೆರೆಯ ಮಟ್ಟ ಅಷ್ಟು ಏರಿರುತ್ತದೆ, ಜೊತೆಗೆ ಅಲೆಯ ಹೊಡೆತ. ಕೆರೆಯ ಏರಿಯನ್ನು, ಅಂದರೆ ಮಣ್ಣಿನ ಕಟ್ಟೆಯನ್ನು, ಇದಕ್ಕೆಲ್ಲ ಲೆಕ್ಕ ಹಾಕಿಯೇ ಎತ್ತರಿಸಿರುತ್ತಾರೆ. ಹಾಗಾಗಿ ನನ್ನ ಅಳತೆಗೋಲು ಸರಳ: ಮನೆಯ ನೆಲ ಏರಿಯ ನೆತ್ತಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿರಬೇಕು. ಅದಕ್ಕಿಂತ ಕೆಳಗಿದ್ದರೆ ಎಷ್ಟು ಅಗ್ಗವಾದರೂ ಬೇಡ. ಇನ್ನೊಂದು ವಿಚಾರಣೆ ಬಾಕಿ ಇದೆ: ಹೂಳು ತುಂಬಿ ಸಂಗ್ರಹ ಕಡಿಮೆಯಾದ ಕೆರೆಗಳಲ್ಲಿ ಕೋಡಿಯನ್ನೇ ಎತ್ತರಿಸುವುದುಂಟು, ರೈತರೇ ಮರಳು ಚೀಲ ಜೋಡಿಸುವುದೂ ಉಂಟು. ಅಂಥ ಕಾಮಗಾರಿ ಯೋಚನೆಯಲ್ಲಿದೆಯೇ ಎಂದು ಕೇಳಿ. ಕೆರೆಯ ಅಚ್ಚುಕಟ್ಟು (ಅದರ ನೀರು ಉಣ್ಣುವ ಜಮೀನು) 40 ಹೆಕ್ಟೇರ್ ದಾಟಿದ್ದರೆ ಸಣ್ಣ ನೀರಾವರಿ ಇಲಾಖೆಯಲ್ಲಿ, ಅದರೊಳಗಿದ್ದರೆ ಪಂಚಾಯತ್‌ರಾಜ್ ಎಂಜಿನಿಯರಿಂಗ್ ಕಚೇರಿಯಲ್ಲಿ. ಏರಿ ನೆತ್ತಿ, ಪೂರ್ಣ ಮಟ್ಟ, ಗರಿಷ್ಠ ಮಟ್ಟ ಮೂರನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಮನೆ ಏರಿಯ ಹಿಂಬದಿಯಲ್ಲಿದ್ದರೆ ಬೇರೆ ತೊಂದರೆ. ಏರಿ ಬುಡದಲ್ಲಿ ಜಿನುಗು, ವರ್ಷದ ಆರು ತಿಂಗಳು ಜವುಗು ನೆಲ, ಗೋಡೆಯಲ್ಲಿ ಉಪ್ಪು. ತೂಬಿನ ಕಾಲುವೆ, ಕೋಡಿ ಹಳ್ಳದ ದಾರಿಯಲ್ಲಂತೂ ಬೇಡವೇ ಬೇಡ. ಕೋಡಿ ಹಳ್ಳ ಹತ್ತು ವರ್ಷ ಒಣಗಿ ಜಾಲಿ ಬೆಳೆದಿದ್ದರೂ ಹಳ್ಳ ಹಳ್ಳವೇ.

ಮಟ್ಟ ಸರಿ ಬಂದರೆ ಎಲ್ಲೆಗೆ ಬನ್ನಿ. ಕೆರೆಗೆ ತನ್ನದೇ ಸರ್ವೆ ನಂಬರ್ ಇರುತ್ತದೆ. ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ), ನಿಮ್ಮ ನಂಬರಿನ ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮೂರನ್ನೂ ತೆಗೆಸಿ. ಮೊದಲ ನೋಟಕ್ಕೆ ಸರ್ಕಾರದ ದಿಶಾಂಕ್ ಆ್ಯಪ್ ಒಳ್ಳೆಯದು. ಹೊಲದ ಮೂಲೆ ಮೂಲೆಯಲ್ಲಿ ನಿಂತು ಯಾವ ಸರ್ವೆ ನಂಬರ್ ತೋರಿಸುತ್ತದೆ ನೋಡಿ. ಬೇಲಿಯೊಳಗೇ ಕೆರೆಯ ನಂಬರ್ ಬಂದರೆ ಒತ್ತುವರಿಯ ಅನುಮಾನ. ಆದರೆ ಮೊಬೈಲಿನ ಜಾಗಸೂಚಿ ಹಲವು ಮೀಟರ್ ಆಚೀಚೆ ಆಗುತ್ತದೆ, ಕೋರ್ಟಿನಲ್ಲಿ ಅದು ಪುರಾವೆಯೂ ಅಲ್ಲ. ನಿಜವಾದ ಉತ್ತರ ಸರ್ಕಾರಿ ಭೂಮಾಪಕರ ಹದ್ದುಬಸ್ತಿನಿಂದ, ಅಂದರೆ ಗಡಿ ಅಳತೆಯಿಂದ. ಮಾರುವವರೇ ನಾಡಕಚೇರಿಯಲ್ಲಿ ಅರ್ಜಿ ಹಾಕಲಿ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ಹೋಗಿ, ಅವರ ಎದುರಲ್ಲೇ ಅಳತೆಯಾಗಿ, ಕಲ್ಲು ನೆಡಬೇಕು. ಕೊಳ್ಳುವುದು ಒಂದು ಸರ್ವೆ ನಂಬರಿನ ಭಾಗವಾದರೆ ಆ ಭಾಗವನ್ನು ಅಳೆದು ಕೊಡುವ 11ಇ ನಕ್ಷೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ.

ಕೆರೆ ಪಕ್ಕದ ಹೊಲಗಳಲ್ಲಿ ಎರಡು ರೀತಿಯ ಎಡವಟ್ಟು ಕಾಣುತ್ತದೆ. ಒಂದು, ಪಹಣಿಯಲ್ಲಿ 1-10 (1 ಎಕರೆ 10 ಗುಂಟೆ) ಇದ್ದು ಬೇಲಿಯೊಳಗೆ 1-25 ಇರುವುದು. ಹೆಚ್ಚಿನ 15 ಗುಂಟೆ ಕೆರೆಯದು, ಅದನ್ನು ನಿಮಗೆ ಯಾರೂ ಮಾರುವಂತಿಲ್ಲ. ಕೆರೆ ಜಾಗಕ್ಕೆ ಅಕ್ರಮ ಸಕ್ರಮದ ದಾರಿಯೂ ಇಲ್ಲ, ಸರ್ಕಾರಿ ಜಮೀನು ಒತ್ತುವರಿ ಭೂಕಂದಾಯ ಕಾಯ್ದೆಯಲ್ಲಿ ಶಿಕ್ಷಾರ್ಹ. ಇನ್ನೊಂದು ಅದಕ್ಕೆ ಉಲ್ಟಾ: ಪಹಣಿ ಸರಿ, ಎಲ್ಲೆಯೂ ಸರಿ, ಆದರೆ ಹೊಲದ ಒಂದು ಭಾಗ ಕೋಡಿ ಮಟ್ಟದ ಕೆಳಗಿದೆ. ಅದು ಹಿಂದೆ ಮುಳುಗಡೆಗೆ ಪರಿಹಾರ ಕೊಟ್ಟು ಪಡೆದ ಜಾಗವಾಗಿದ್ದು, ಪಹಣಿಯಲ್ಲಿ ತಿದ್ದುಪಡಿ ಆಗದೆ ಉಳಿದಿರಬಹುದು. ಆ ಭಾಗಕ್ಕೆ ಹಣ ಕೊಡುವ ಮುಂಚೆ ಭೂಸ್ವಾಧೀನದ ಕಡತ ಹುಡುಕಿಸಿ.

ಪಹಣಿಯ 3ನೇ ಕಾಲಂನಲ್ಲಿ ಖರಾಬು ನೋಡಿ. ‘ಎ’ ಖರಾಬು ಹಿಡುವಳಿಯೊಳಗಿನ ಸಾಗುವಳಿಗೆ ಬಾರದ ಜಾಗ. ‘ಬಿ’ ಖರಾಬು ಸಾರ್ವಜನಿಕರದ್ದು: ದಾರಿ, ಹಳ್ಳ, ಕಾಲುವೆ. ಮನೆ ‘ಬಿ’ ಖರಾಬಿನ ಮೇಲೆ ಕೂತಿದ್ದರೆ ಅದಕ್ಕೆ ಎಂದೂ ಹಕ್ಕು ಬರುವುದಿಲ್ಲ.

ಮಾಳಿಗೆ ಮನೆಯನ್ನು ಕೆಡವಿ ಹೊಸದು ಕಟ್ಟುವ ಯೋಚನೆಯಿದ್ದರೆ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ನೆನಪಿರಲಿ. ಅದರಲ್ಲಿ ಕೆರೆಯ ಗಡಿಯಿಂದ 30 ಮೀಟರ್, ಸುಮಾರು 100 ಅಡಿ ಒಳಗೆ ಮನೆ ಕಟ್ಟುವಂತಿಲ್ಲ. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಈ ಅಂತರವನ್ನು ಬದಲಿಸುವ ತಿದ್ದುಪಡಿ 2025ರಲ್ಲಿ ವಿಧಾನಮಂಡಲದ ಮುಂದೆ ಬಂದಿದೆ. ನೀವು 30 ಮೀಟರನ್ನೇ ಹಿಡಿಯಿರಿ, ಅದನ್ನು ಈಗಿನ ನೀರಿನಿಂದ ಅಳೆಯದೆ ನಕ್ಷೆಯ ಗಡಿಯಿಂದ ಅಳೆಯಿರಿ.

ಇನ್ನು ಕಾಗದ. ‘ಪಹಣಿ ಕ್ಲಿಯರ್’ ಎಂದರೆ 9ನೇ ಕಾಲಂನಲ್ಲಿ ಮಾರುವವರ ಹೆಸರಿದೆ ಎಂದಷ್ಟೇ. 10ನೇ ಕಾಲಂನಲ್ಲಿ ಜಮೀನು ಹೇಗೆ ಬಂತು, 11ರಲ್ಲಿ ಸಾಲ, ತಕರಾರು. ‘ಮಂಜೂರು’ ಅಥವಾ ‘ದರಖಾಸ್ತು’ (ಸರ್ಕಾರ ಕೊಟ್ಟ ಜಮೀನು) ಎಂಬ ಮಾತು ಎಲ್ಲಿ ಕಂಡರೂ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ (ಪರಿಶಿಷ್ಟರ ಜಮೀನು ಪರಭಾರೆ ನಿಷೇಧ) ಕಾಯ್ದೆಯಂತೆ ಆ ಮಾರಾಟ ಅಸಿಂಧು. ನಡುವೆ ನಾಲ್ಕು ಕೈ ಬದಲಾಗಿದ್ದರೂ ಕೊನೆಗೆ ಕೊಂಡವರ ಕೈಯಿಂದ ಜಮೀನು ಹೋಗುತ್ತದೆ. 2023ರ ತಿದ್ದುಪಡಿಯ ಮೇಲೆ, ಹಿಂದಿರುಗಿಸಿ ಎಂದು ಕೇಳಲು ಕಾಲಮಿತಿಯೂ ಇಲ್ಲ. ಬಡವರ ಭೂಮಿ ಉಳಿಸಲು ಬಂದ ಕಾಯ್ದೆ ಇದು, ಅದನ್ನು ದಾಟುವ ಉಪಾಯ ಹೇಳಿಕೊಡುವ ದಲ್ಲಾಳಿಯ ಮಾತು ಕೇಳಬೇಡಿ. ನಿಮ್ಮ ತಾಲ್ಲೂಕಿಗೆ ಒಂದು ವಿಶೇಷವಿದೆ: ಜಗಳೂರು 1997ರ ಆಗಸ್ಟ್‌ವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹಳೆಯ ಮಂಜೂರಾತಿ ಕಡತ ತಾಲ್ಲೂಕಿನಲ್ಲಿ ಸಿಗದಿದ್ದರೆ ಚಿತ್ರದುರ್ಗದ ಅಭಿಲೇಖಾಲಯದಲ್ಲೂ ವಿಚಾರಿಸಿ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಸಿಕ್ಕಿತೆಂದು ಸಮಾಧಾನಪಡಬೇಡಿ.

ಋಣಭಾರ ಪತ್ರ ಕನಿಷ್ಠ 30 ವರ್ಷದ್ದು ಬೇಕು. ಪಿತ್ರಾರ್ಜಿತವಾದರೆ ವಂಶವೃಕ್ಷ ತೆಗೆಸಿ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಹಾಕಿಸಿ. ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬಿಟ್ಟ ಕ್ರಯಪತ್ರಗಳೇ ಮುಂದೆ ಸಿವಿಲ್ ದಾವೆಗಳಾಗುವುದು. ನೀವು ಕೃಷಿಕರಲ್ಲ ಎಂಬ ಅಡ್ಡಿ ಮಾತ್ರ ಈಗಿಲ್ಲ, 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದಿದ್ದಾರೆ.

ಪಂಚಾಯ್ತಿ ಕಂದಾಯದ ರಸೀದಿ ಹಕ್ಕಿನ ಪುರಾವೆ ಅಲ್ಲ. ಮನೆ ಗ್ರಾಮಠಾಣದೊಳಗಿದ್ದರೆ ಅಥವಾ ಜಾಗ ಭೂಪರಿವರ್ತನೆ ಆಗಿದ್ದರೆ ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಬರುತ್ತದೆ. 11ಬಿ ಮಾತ್ರ ತೋರಿಸಿದರೆ ಅದು ನಿಯಮಕ್ಕೆ ಒಳಪಡದೆ ಎದ್ದ ಆಸ್ತಿ ಎಂದು ತಿಳಿಯಿರಿ. ಎರಡೂ ಇಲ್ಲದೆ ಹೊಲದಲ್ಲೇ ಇರುವ ಮನೆಯಾದರೆ ಅದು ತೋಟದ ಮನೆ. ಕೃಷಿಕರು ಸ್ವಂತ ವಾಸಕ್ಕೆ ಹಿಡುವಳಿಯ ಶೇ 10ರ ಮಿತಿಯಲ್ಲಿ ಇಂಥದ್ದನ್ನು ಕಟ್ಟಿಕೊಳ್ಳಬಹುದು. 1 ಎಕರೆ 10 ಗುಂಟೆಗೆ 5 ಗುಂಟೆ, ಸುಮಾರು 5,400 ಚದರ ಅಡಿ. ಇಬ್ಬರಿಗೆ ಧಾರಾಳ. ಆದರೆ ಅದಕ್ಕೆ ಗೃಹಸಾಲ ಸಿಗುವುದು ಕಷ್ಟ, ಹೋಂಸ್ಟೇ ಮಾಡಲೂ ಬರುವುದಿಲ್ಲ.

ಮನೆಯ ವಿಷಯಕ್ಕೆ ಬಂದರೆ, ಮಾಳಿಗೆ ಮನೆ ಬೇಸಿಗೆಯಲ್ಲಿ ಹಿತ, ನೋಡಿಕೊಂಡರೆ ನೂರು ವರ್ಷ ಬಾಳುತ್ತದೆ. ಅದು ಹಾಳಾಗುವುದು ಮೇಲಿನಿಂದ. ಮಾಳಿಗೆಯ ಮೇಲೆ ಕಾಲಕಾಲಕ್ಕೆ ಕರಲು ಮಣ್ಣು ಹಾಕದಿದ್ದರೆ ಬಿರುಕಿನಲ್ಲಿ ನೀರಿಳಿದು ತೊಲೆ ಜಂತೆ ಕೊಳೆಯುತ್ತವೆ. ತೊಲೆ ಗೋಡೆಯೊಳಗೆ ಸೇರುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಗೆದ್ದಲು ಅಥವಾ ಕೊಳೆತ. ಗೋಡೆಯಲ್ಲಿ ನೆಲದಿಂದ 3 ಅಡಿವರೆಗೆ ಬಿಳಿ ಉಪ್ಪು ಕಂಡರೆ ನೆಲದ ತೇವ ಏರುತ್ತಿದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಇನ್ನೂ ಮೇಲಕ್ಕೆ ಹತ್ತುತ್ತದೆಯೇ ಹೊರತು ನಿಲ್ಲದು, ಸುಣ್ಣದ ಗಾರೆಯೇ ಸರಿ.

ಹೊಸದು ಕಟ್ಟುವುದಾದರೆ ಮೊದಲು 6 ಅಡಿ ಗುಂಡಿ ತೋಡಿಸಿ ಮಣ್ಣು ನೋಡಿ. ಕೆಂಪು ಮಸಾರಿ, ಕೆಳಗೆ ಗಟ್ಟಿ ಮೊರಂ ಸಿಕ್ಕರೆ ಸಾಮಾನ್ಯ ತಳಪಾಯ ಸಾಕು. ಎರೆ ಮಣ್ಣಾದರೆ ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಕೆರೆ ಪಕ್ಕದಲ್ಲಿ ಈ ಹಿಗ್ಗು ಕುಗ್ಗು ಮನೆಯ ಎರಡು ಬದಿಗೆ ಬೇರೆ ಬೇರೆ ಪ್ರಮಾಣದಲ್ಲಿ ಆಗುವುದರಿಂದ ಗೋಡೆ ಓರೆಯಾಗಿ ಸೀಳುತ್ತದೆ. ಇದಕ್ಕೆ ತಳದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಪೈಲು ಹಾಕುತ್ತಾರೆ. ಆಳ ಕನಿಷ್ಠ 3.5 ಮೀಟರ್. ಪೈಲುಗಳ ತಲೆ ಕಟ್ಟುವ ಬೀಮಿನ ಕೆಳಗೆ ಸುಮಾರು 8 ಸೆಂ.ಮೀ. ಖಾಲಿ ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಎತ್ತುತ್ತದೆ. ಹಳೆಯ ಹೂಳಿನ ಮೇಲೆ ಮಣ್ಣು ತುಂಬಿ ಎತ್ತರಿಸಿದ ಜಾಗವಾದರೆ ಕೊಳ್ಳದಿರುವುದೇ ಮೇಲು.

ನೀರು ಕಣ್ಣೆದುರಿಗಿದ್ದರೂ ನಿಮ್ಮದಲ್ಲ. ದಂಡೆಯಲ್ಲಿ ಹೊಲವಿದೆಯೆಂದು ಕೆರೆಗೆ ಮೋಟರ್ ಇಡುವ ಹಕ್ಕು ಬರುವುದಿಲ್ಲ. ಬೋರ್‌ವೆಲ್ ಕೊರೆಸಲು ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗಿದ್ದರೆ ಅನುಮತಿ ಬೇಕು. ಇರುವ ಬೋರಿನ ನೀರನ್ನು ಏಪ್ರಿಲ್-ಮೇನಲ್ಲಿ ಜಿಲ್ಲಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಒಣ ತಾಲ್ಲೂಕುಗಳಲ್ಲಿ ಫ್ಲೋರೈಡ್ ದೊಡ್ಡ ಪಿಡುಗು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಜಗ್ಗದು. ಇದಕ್ಕೆ ಒಳ್ಳೆಯ ಪರಿಹಾರ ಚಾವಣಿಯ ಮಳೆನೀರು. 1,000 ಚದರ ಅಡಿಯ ಕಾಂಕ್ರೀಟ್ ಚಾವಣಿ, ವರ್ಷಕ್ಕೆ 500 ಮಿ.ಮೀ. ಮಳೆ ಎಂದು ಹಿಡಿದರೂ 35,000 ಲೀಟರ್ ಇಳಿಯುತ್ತದೆ. ಇಬ್ಬರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೆ ಡಿಸೆಂಬರಿನಿಂದ ಮೇವರೆಗೆ 3,600 ಲೀಟರ್ ಸಾಕು. 5,000 ಲೀಟರಿನ ಮುಚ್ಚಿದ ತೊಟ್ಟಿ, ಮೊದಲ ಮಳೆಯ ನೀರನ್ನು ಹೊರಬಿಡುವ ಕವಾಟ, ಜಲ್ಲಿ ಮರಳಿನ ಸೋಸು ಪೆಟ್ಟಿಗೆ ಇಷ್ಟಿರಲಿ. ಮಾಳಿಗೆಯ ಮಣ್ಣಿನ ಚಾವಣಿಯಿಂದ ಹಿಡಿದ ನೀರು ಮಾತ್ರ ಕುಡಿಯಲು ಬಾರದು.

ಶೌಚದ ವ್ಯವಸ್ಥೆಯಲ್ಲಿ ಕೆರೆ ದಂಡೆಯ ಮನೆಗಳು ಹೆಚ್ಚು ಸೋಲುತ್ತವೆ. ತಳವಿಲ್ಲದ ರಿಂಗ್ ಗುಂಡಿ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತದೆ, ಕೆರೆ ತುಂಬಿದಾಗ ಅಂತರ್ಜಲ ಏರಿ ಗುಂಡಿ ಒಳಗಿನಿಂದಲೇ ತುಂಬುತ್ತದೆ. ಆ ಕೊಳೆ ನೇರ ಕೆರೆಗೆ, ನಿಮ್ಮ ಬೋರಿಗೆ. ಗುಂಡಿಯ ತಳಕ್ಕೂ ಮಳೆಗಾಲದ ಅಂತರ್ಜಲಕ್ಕೂ 2 ಮೀಟರ್ ಅಂತರ ಬೇಕು. ಅದಿಲ್ಲದಿದ್ದರೆ ತಳ, ಗೋಡೆ ಎರಡಕ್ಕೂ ನೀರು ಸೋರದ ಗಾರೆ ಮಾಡಿದ ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿ. 5 ಜನರಿಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, 1 ಮೀಟರ್ ನೀರಿನ ಆಳ, ಮೇಲೆ 30 ಸೆಂ.ಮೀ. ಖಾಲಿ. ಹೊರಬರುವ ನೀರನ್ನು ಎತ್ತರಿಸಿದ ಮಣ್ಣಿನ ಪಾತಿಗೆ ಬಿಟ್ಟು ಬಾಳೆ, ಕಾಬಾಳೆ ಹಾಕಿ. ಇದೆಲ್ಲ ಕೆರೆಯ ವಿರುದ್ಧ ದಿಕ್ಕಿನಲ್ಲಿರಲಿ, ಬೋರ್ ಅಥವಾ ಬಾವಿಯಿಂದ 15 ಮೀಟರ್ ದೂರವಿರಲಿ. ಊರಿನ ದನಕರು ಕುಡಿಯುವುದು ಅದೇ ಕೆರೆಯ ನೀರು.

ವಿದ್ಯುತ್ತು ಯಾವ ಫೀಡರ್‌ನದು ಎಂದು ಬೆಸ್ಕಾಂ ಶಾಖಾ ಕಚೇರಿಯಲ್ಲಿ ಕೇಳಿ. ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ (ದಿನವಿಡೀ ವಿದ್ಯುತ್ತಿನ ಲೈನು), ಹೊಲದ ಮನೆ ಪಂಪ್‌ಸೆಟ್ ಲೈನಿನಲ್ಲಿದ್ದರೆ ತ್ರೀಫೇಸ್ ಕೆಲವೇ ತಾಸು. ದಾರಿಯೂ ಹಾಗೆ: ಕಣ್ಣಿಗೆ ಕಾಣುವ ದಾರಿ ಗ್ರಾಮ ನಕ್ಷೆಯಲ್ಲೂ ಇರಬೇಕು. ಬೇರೆಯವರ ಬದುವಿನ ಮೇಲಿನ ದಾರಿ ಅವರ ಮನಸ್ಸಿದ್ದಷ್ಟು ದಿನ. ಏರಿ ಮೇಲಿನ ದಾರಿಯೊಂದೇ ಇದ್ದರೆ ಜಲ್ಲಿ ಲಾರಿ ಬರುವುದಕ್ಕೆ ತಡೆ ಬೀಳಬಹುದು.

ಗದ್ದಲವಿಲ್ಲದ ಕಡೆ ಎಂದಿರಿ. ಒಂದು ಭಾನುವಾರದ ಸಂಜೆ ನೋಡಿ ತೀರ್ಮಾನಿಸಬೇಡಿ. ಮಾರ್ಚ್‌ನಿಂದ ಮೇವರೆಗೆ ಹೂಳು ಹೊಡೆಯುವ ಟ್ರ್ಯಾಕ್ಟರ್‌ಗಳು ಅಂಗಳದಲ್ಲೇ ಓಡಾಡುತ್ತವೆ. ಮೀನು ಹಿಡಿಯುವ ಹಕ್ಕು ಟೆಂಡರ್ ಆಗಿದ್ದರೆ ನಸುಕಿಗೇ ಬಲೆ, ತೆಪ್ಪ, ವ್ಯಾಪಾರದ ಗಾಡಿ. ಗಣಪತಿ ಬಿಡುವುದು, ಗಂಗಮ್ಮನ ಪೂಜೆ, ದನ ಮೈತೊಳೆಯುವುದು ಎಲ್ಲ ಅಲ್ಲೇ. ಅದು ಊರಿನ ಹಕ್ಕು, ಬೇಲಿ ಹಾಕಿ ಅಡ್ಡ ನಿಂತರೆ ನೀವು ಊರಿಗೆ ಬೇಡವಾಗುತ್ತೀರಿ. ಸುತ್ತ ಕಲ್ಲು ಕ್ರಷರ್, ಗಾಳಿಯಂತ್ರಗಳ ಸಾಲು ಇದೆಯೇ, ಬರಲಿದೆಯೇ ಎಂದು ಪಂಚಾಯ್ತಿಯಲ್ಲಿ ವಿಚಾರಿಸಿ. ಜಾಗ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಧಾಮದ ಕಡೆಗಿದ್ದರೆ ಪರಿಸರ ಸೂಕ್ಷ್ಮ ವಲಯದ ಎಲ್ಲೆಯನ್ನು ಅರಣ್ಯ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಿ. ಕೆರೆಯನ್ನು ಅಕ್ಟೋಬರಿನಲ್ಲೊಮ್ಮೆ, ಮೇನಲ್ಲೊಮ್ಮೆ ನೋಡಬೇಕು. ಅಷ್ಟು ಕಾಯಲಾಗದಿದ್ದರೆ ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ತೆರೆದು, ಮಳೆ ಹೆಚ್ಚಾಗಿದ್ದ 2022ರ ಕೊನೆಯ ತಿಂಗಳುಗಳಲ್ಲಿ ನೀರು ಎಲ್ಲಿಗೆ ಬಂದಿತ್ತು ನೋಡಿ.

ಖರ್ಚಿನಲ್ಲಿ ಕ್ರಯದ ಮೇಲೆ ಮುದ್ರಾಂಕ, ಸೆಸ್, ಸರ್ಚಾರ್ಜ್ ಸೇರಿ ಸುಮಾರು ಶೇ 5.65, ನೋಂದಣಿ ಶುಲ್ಕ ಶೇ 2 ಇಟ್ಟುಕೊಳ್ಳಿ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಏರಿದೆ, ಹಳೆಯ ಲೆಕ್ಕ ಹೇಳುವವರಿದ್ದಾರೆ. ಮುಂಗಡ ಶೇ 10 ಮೀರದಿರಲಿ, ಬ್ಯಾಂಕ್ ಮೂಲಕವೇ ಹೋಗಲಿ. ಜಮೀನಿನ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಮೇಲ್ಪಟ್ಟ ನಗದಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ತಡೆ ಇದೆ. ಅಗ್ರಿಮೆಂಟನ್ನು ನೋಂದಣಿ ಮಾಡಿಸಿ, ಅದರಲ್ಲಿ ಮೂರು ಷರತ್ತು ಬರೆಸಿ: ಹದ್ದುಬಸ್ತಿನಲ್ಲಿ ಬೇಲಿಯೊಳಗೆ ಕೆರೆ ಜಾಗ ಕಂಡುಬಂದರೆ, ಮೂಲ ಮಂಜೂರಾತಿ ನಿರ್ಬಂಧಿತ ಜಮೀನಿನದು ಎಂದಾದರೆ, ಅಥವಾ ಮನೆಯ ನೆಲ ಏರಿ ನೆತ್ತಿಗಿಂತ ಕೆಳಗಿದೆ ಎಂದು ಅಳತೆಯಲ್ಲಿ ತಿಳಿದರೆ, ಮುಂಗಡ ಪೂರ್ತಿ ವಾಪಸ್. ಹಣ ಹಿಂತಿರುಗಿಸಲು 30 ದಿನ ಎಂದು ಗಡುವು ಹಾಕಿ. ಇದಕ್ಕೆ ಮಾರುವವರು ಒಪ್ಪದಿದ್ದರೆ ಮುಂಗಡ ಕೊಡಬೇಡಿ, ಬೇರೆ ಹೊಲ ನೋಡಿ.